ಕೋಡ್ ಹೇಳಿದ್ದಕ್ಕಿಂತ ಹೆಚ್ಚು ಕೇಳಿಸಿಕೊಳ್ಳುವ ಗ್ಯಾರೇಜು

ಸ್ಕ್ಯಾನರಿನಲ್ಲಿ ಪಿ0571 ಎಂದು ಕಂಡ ಕೂಡಲೇ ಬ್ರೇಕ್ ಪೆಡಲ್ ಸ್ವಿಚ್ಚನ್ನು ಕಿತ್ತು ಹೊಸದನ್ನು ಕೂರಿಸುವುದು ಎಷ್ಟೋ ಗ್ಯಾರೇಜುಗಳ ರೂಢಿಯಾಗಿದೆ. ಇದನ್ನು ದೋಷಪತ್ತೆ ಎನ್ನಲು ನನಗೆ ಮನಸ್ಸಿಲ್ಲ. ಬ್ರೇಕ್ ಸ್ವಿಚ್ಚಿನ ಸರ್ಕೀಟಿನಲ್ಲಿ ತೊಂದರೆಯಿದೆ ಎಂದಷ್ಟೇ ಆ ಕೋಡ್ ಹೇಳುತ್ತದೆ. ಸರ್ಕೀಟು ಎಂದಮೇಲೆ ಫ್ಯೂಸು, ವೈರು, ಕಪ್ಲರು, ಕೊನೆಗೆ ಹಿಂದಿನ ಬಲ್ಬಿನ ಹೋಲ್ಡರು ಕೂಡ ಅದರಲ್ಲಿ ಸೇರಿತು.

ಬಹುತೇಕ ಕಾರುಗಳಲ್ಲಿ ಪೆಡಲಿನ ಮೇಲ್ತುದಿಯಲ್ಲಿ ಕೂರುವ ಈ ಸ್ವಿಚ್ಚಿನೊಳಗೆ ಎರಡು ಸಂಪರ್ಕಗಳಿರುತ್ತವೆ. ಪೆಡಲ್ ಒತ್ತಿದಾಗ ಒಂದು ಕೂಡುತ್ತದೆ, ಇನ್ನೊಂದು ಬಿಡುತ್ತದೆ. ಎರಡೂ ತಾಳೆಯಾಗದಿದ್ದರೆ ಬರುವುದು ಬೇರೆ ಕೋಡ್, ಪಿ0504. ಆಗ ಕ್ರೂಸ್ ಕಂಟ್ರೋಲ್ ಕೆಲಸ ನಿಲ್ಲಿಸಬಹುದು, ಆಟೋಮ್ಯಾಟಿಕ್ ಗೇರು ಪಾರ್ಕಿನಿಂದ ಕದಲದಿರಬಹುದು, ಬಟನ್ ಒತ್ತಿದರೂ ಎಂಜಿನ್ ಶುರುವಾಗದಿರಬಹುದು. ಬ್ಯಾಟರಿ ಹೋಯಿತೆಂದು ಮಾಲೀಕರು ಭಾವಿಸುವುದು ಸಹಜ.

ಕೆಲವು ಕಾರುಗಳಲ್ಲಿ ಸ್ವಿಚ್ಚಿನ ಮೂತಿಗೆ ತಾಗುವಂತೆ ಪೆಡಲಿನಲ್ಲಿ ಒಂದು ಸಣ್ಣ ರಬ್ಬರ್ ಅಥವಾ ಪ್ಲಾಸ್ಟಿಕ್ ಗುಂಡಿ ಇರುತ್ತದೆ. ವರ್ಷಗಳು ಕಳೆದಂತೆ ಅದು ಪುಡಿಯಾಗಿ ಮ್ಯಾಟಿನ ಮೇಲೆ ಉದುರುತ್ತದೆ. ಸ್ವಿಚ್ಚಿನ ಮೂತಿ ಖಾಲಿ ತೂತಿನೊಳಗೆ ನುಗ್ಗಿ, ಕಾಲು ತೆಗೆದರೂ ಬ್ರೇಕ್ ಲೈಟು ಉರಿಯುತ್ತಲೇ ಇರುತ್ತದೆ. ಅಲ್ಲಿ ಎಷ್ಟು ಹೊಸ ಸ್ವಿಚ್ಚು ಹಾಕಿದರೂ ಪ್ರಯೋಜನವಿಲ್ಲ. ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿ ನೋಡಿದವರಿಗೆ ಅದು ತಕ್ಷಣ ಕಾಣುತ್ತದೆ. ಬಗ್ಗುವ ಈ ಅಭ್ಯಾಸವೇ ತಪ್ಪಿಹೋಗುತ್ತಿರುವುದು ನನ್ನ ದೊಡ್ಡ ತಕರಾರು.

ದೋಷ ರಾತ್ರಿ ಮಾತ್ರ ಕಾಣಿಸಿಕೊಂಡರೆ ಹಿಂದಿನ ದೀಪವನ್ನು ಶಂಕಿಸಬೇಕು. ಎರಡು ತಂತಿಯ 21/5 ವ್ಯಾಟ್ ಬಲ್ಬಿಗೆ ಅರ್ತ್ ಸರಿಯಾಗಿ ಸಿಗದಿದ್ದರೆ, ಟೈಲ್ ಲೈಟಿನ ಕರೆಂಟು ಬ್ರೇಕಿನ ತಂತಿಯ ಮೂಲಕ ಹಿಮ್ಮುಖವಾಗಿ ಹರಿಯಬಲ್ಲದು. ಯಾರೂ ಪೆಡಲ್ ಮುಟ್ಟದೆಯೇ ಬ್ರೇಕಿನ ವೈರಿನಲ್ಲಿ ವೋಲ್ಟೇಜ್ ಕಾಣುತ್ತದೆ. ಇದನ್ನು ಹಿಡಿಯುವವನು ಹಳೆಯ ಕಾಲದ ಆಟೋ ಎಲೆಕ್ಟ್ರಿಷಿಯನ್, ಅವನ ಕೈಯ ಟೆಸ್ಟ್ ಲ್ಯಾಂಪು.

ಹಾಗೆಂದು ನಾನು ಸ್ಕ್ಯಾನರಿನ ವಿರೋಧಿಯಲ್ಲ. ಅದರ ಲೈವ್ ಡೇಟಾ ತೆರೆದು, ಪೆಡಲನ್ನು ನಿಧಾನವಾಗಿ ಒತ್ತಿ ಬಿಡುತ್ತ, ಎರಡೂ ಸಿಗ್ನಲ್‌ಗಳು ಯಾವಾಗ ಬದಲಾಗುತ್ತವೆ ಎಂದು ನೋಡುವುದು ಬಹಳ ಒಳ್ಳೆಯ ಪರೀಕ್ಷೆ. ಆದರೆ ಕೋಡ್ ಓದಿದ ಕೂಡಲೇ ಉಪಕರಣವನ್ನು ಮುಚ್ಚಿಡುತ್ತಾರೆ. ಸ್ವಿಚ್ಚೇ ಕೆಟ್ಟಿರುವುದೂ ಉಂಟು. 2013ರಲ್ಲಿ ಹ್ಯುಂಡೈ ಮತ್ತು ಕಿಯಾ ಅಮೆರಿಕದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಬ್ರೇಕ್ ಲೈಟ್ ಸ್ವಿಚ್ಚಿಗಾಗಿಯೇ ವಾಪಸು ಕರೆಸಿಕೊಂಡಿದ್ದವು. ಬಿಡಿಭಾಗ ಅಗ್ಗವಾಗಿದ್ದಾಗ ಮೊದಲು ಅದನ್ನೇ ಬದಲಿಸುವುದರಲ್ಲೂ ಒಂದು ಲೆಕ್ಕಾಚಾರವಿದೆ, ಒಪ್ಪುತ್ತೇನೆ.

ಒಪ್ಪಲಾಗದ್ದು ಅದರ ಮುಂದಿನ ಹೆಜ್ಜೆ: ಕೋಡ್ ಅಳಿಸಿ, ಕೀ ಕೈಗಿಟ್ಟು ಕಳಿಸುವುದು. ಕೆಲವು ಸ್ವಿಚ್ಚುಗಳು ಕೂರಿಸುವಾಗ ಒಮ್ಮೆ ಮಾತ್ರ ತಾವಾಗಿ ಅಳತೆ ಹೊಂದಿಸಿಕೊಳ್ಳುತ್ತವೆ. ಆಗ ಪೆಡಲನ್ನು ತಯಾರಕರು ಹೇಳಿದ ಸ್ಥಿತಿಯಲ್ಲಿ ಹಿಡಿಯದಿದ್ದರೆ ಹೊಸ ಸ್ವಿಚ್ಚೂ ಸುಳ್ಳು ಹೇಳತೊಡಗುತ್ತದೆ. ಒಬ್ಬರು ಪೆಡಲ್ ಒತ್ತಿ, ಇನ್ನೊಬ್ಬರು ಕಾರಿನ ಹಿಂದೆ ನಿಂತು, ಟೈಲ್ ಲೈಟು ಹಾಕಿ ಒಮ್ಮೆ, ಆರಿಸಿ ಒಮ್ಮೆ ಮೂರೂ ಬ್ರೇಕ್ ಲೈಟುಗಳನ್ನು ನೋಡುವವರೆಗೆ ಆ ರಿಪೇರಿಗೆ ಬಿಲ್ಲು ಬರೆಯಬಾರದು.