ಎಣ್ಣುನಿ, ಎಣಿಸು: ಒಂದು ಕ್ರಿಯಾಪದದ ಇಂಗ್ಲಿಷ್ ಅರ್ಥಗಳು

ತುಳುವಿನ ‘ಎಣ್ಣುನಿ’ ಎಂಬ ಕ್ರಿಯಾಪದಕ್ಕೆ ಲೆಕ್ಕ ಮಾಡು, ಯೋಚಿಸು ಎಂಬ ಎರಡೂ ಅರ್ಥಗಳುಂಟು. ನೇತ್ರಾವತಿಯ ದಂಡೆಯ ಪಾಣೆಮಂಗಳೂರು ತುಳು, ಕನ್ನಡ, ಕೊಂಕಣಿ, ಬ್ಯಾರಿ ಭಾಷೆಗಳು ಒಟ್ಟಿಗೆ ಬಳಕೆಯಲ್ಲಿರುವ ಪೇಟೆ. ಅಲ್ಲಿನ ಕನ್ನಡದಲ್ಲಿ ‘ಎಣಿಸು’ ಎಂಬುದಕ್ಕೂ ಇದೇ ವ್ಯಾಪ್ತಿಯಿದೆ. ‘ನೀವು ಇವತ್ತು ಬರುವುದಿಲ್ಲ ಎಂದು ಎಣಿಸಿದೆ’ ಎಂಬ ಮಾತು ಕರಾವಳಿಯಲ್ಲಿ ಸಹಜವಾದುದು. ಘಟ್ಟದ ಮೇಲಿನ ಆಡುಮಾತಿನಲ್ಲಾದರೋ ಎಣಿಸುವುದು ಹೆಚ್ಚಾಗಿ ಹಣವನ್ನು, ತೆಂಗಿನಕಾಯಿಯನ್ನು. ಆದುದರಿಂದ ಈ ಪ್ರಯೋಗವನ್ನು ತುಳುವಿನ ಪ್ರಭಾವವೆಂದೋ ತಪ್ಪೆಂದೋ ತಿಳಿಯುವವರಿದ್ದಾರೆ.

ಈ ತಿಳಿವಳಿಕೆ ನಿಲ್ಲಲಾರದು. ಬರೋ ಮತ್ತು ಎಮೆನೋ ಅವರ ದ್ರಾವಿಡ ಜ್ಞಾತಿಪದಕೋಶ (1961, ಪರಿಷ್ಕೃತ ಮುದ್ರಣ 1984) ತಮಿಳು, ಮಲಯಾಳ, ಕನ್ನಡ, ತುಳು, ತೆಲುಗುಗಳ ಜ್ಞಾತಿರೂಪಗಳನ್ನು ಒಂದೆಡೆ ಇರಿಸಿದೆ. ಎಣಿಕೆ ಮತ್ತು ಆಲೋಚನೆಗಳ ನಂಟು ಆ ಭಾಷಾವರ್ಗದಲ್ಲೇ ಹಳೆಯದು. ಕರಾವಳಿ ಅದನ್ನು ಉಳಿಸಿಕೊಂಡಿದೆ.

ಈ ಪದಕ್ಕೆ ಇಂಗ್ಲಿಷ್ ಅರ್ಥ ಹೇಳುವ ಕಾರ್ಯ ಮಂಗಳೂರಿನ ಬಾಸೆಲ್ ಮಿಷನ್ನಿನ ವಿದ್ವಾಂಸರ ಪಾಲಿಗೆ ಬಂದಿತು. ಮ್ಯಾನರನ ತುಳು–ಇಂಗ್ಲಿಷ್ ನಿಘಂಟು 1886ರಲ್ಲಿ, ಕಿಟೆಲನ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾದವು. ಪರಭಾಷೆಯ ಪದಕ್ಕೆ ಸಮೀಪದ ಹಲವು ಪದಗಳನ್ನು ಸಾಲಾಗಿ ಕೊಡುವುದು ದ್ವಿಭಾಷಾ ನಿಘಂಟುಗಳ ರೂಢಿ. ಆ ಸಾಲಿನಲ್ಲಿ ಯಾವ ಪದ ಯಾವ ಸಂದರ್ಭಕ್ಕೆ ಸಲ್ಲುವುದೆಂಬುದು ಭಾಷೆ ಅರಿಯದವನಿಗೆ ತಿಳಿಯದು.

ಅರ್ಥವನ್ನು ನಿರ್ಣಯಿಸುವುದು ವಾಕ್ಯದ ರಚನೆ. ‘ಕಾಯಿ ಎಣಿಸಿದ’ ಎಂಬಲ್ಲಿ ಕರ್ಮಪದವಿದೆ, ಅದು ಲೆಕ್ಕ. ‘ಬರುತ್ತಾನೆ ಎಂದು ಎಣಿಸಿದ’ ಎಂಬಲ್ಲಿ ಊಹೆ. ‘ಹೋಗಬೇಕೆಂದು ಎಣಿಸಿದ’ ಎಂಬಲ್ಲಿ ಸಂಕಲ್ಪ. ‘ನನ್ನನ್ನು ಹೊರಗಿನವನೆಂದು ಎಣಿಸಬೇಡಿ’ ಎಂಬಲ್ಲಿ ಭಾವಿಸುವಿಕೆ. ‘ಎಣಿಸಿ ಎಣಿಸಿ ನಿದ್ದೆ ಬರಲಿಲ್ಲ’ ಎಂದು ದ್ವಿರುಕ್ತಿಯಾದಾಗ ಇಂಗ್ಲಿಷಿನ ಥಿಂಕ್ ಸಾಲದು. ಮನಸ್ಸಿನಲ್ಲೇ ಮಥಿಸುವುದನ್ನು ಸೂಚಿಸುವ ಬೇರೊಂದು ಪದ ಬೇಕು.

‘ತಾನೊಂದೆಣಿಸಿದರೆ ದೈವವೊಂದೆಣಿಸಿತು’ ಎಂಬ ಗಾದೆ ಈ ಕೊರತೆಯನ್ನು ಎತ್ತಿ ತೋರಿಸುತ್ತದೆ. ಇದಕ್ಕೆ ಸಂವಾದಿಯಾದ ಇಂಗ್ಲಿಷ್ ಗಾದೆಯಲ್ಲಿ ಮನುಷ್ಯನಿಗೊಂದು, ದೇವರಿಗೊಂದು ಕ್ರಿಯಾಪದ. ಕನ್ನಡದಲ್ಲಿ ಇಬ್ಬರೂ ಎಣಿಸುತ್ತಾರೆ. ಫಲದಲ್ಲಿ ಮಾತ್ರ ಭೇದ. ಒಂದೇ ಪದ ಎರಡು ಬಾರಿ ಬರುವುದರಿಂದ ಹುಟ್ಟಿದ ವ್ಯಂಗ್ಯ ಅನುವಾದದಲ್ಲಿ ಕಳೆದುಹೋಗುತ್ತದೆ.

ಹಾಗೆಂದು ಇಂಗ್ಲಿಷಿಗೆ ಈ ನಂಟು ಅಪರಿಚಿತವೇನಲ್ಲ. ಆ ಭಾಷೆಯ ರೆಕನ್ ಲೆಕ್ಕಕ್ಕೂ ಊಹೆಗೂ ಸಲ್ಲುತ್ತದೆ. ಪಾಂಡರ್ ಎಂಬುದರ ಮೂಲದಲ್ಲಿ ಲ್ಯಾಟಿನ್ನಿನ ತೂಕದ ಕಲ್ಪನೆಯಿದೆ. ಕನ್ನಡಿಗರೂ ಮಾತನ್ನು ‘ತೂಗಿ ನೋಡು’ವವರೇ. ಲೆಕ್ಕ, ತೂಕ ಮೊದಲಾದ ಕೈಕೆಲಸಗಳೇ ಚಿಂತನೆಗೆ ಮಾತನ್ನು ಒದಗಿಸಿವೆ.

ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರತಂದ, ಯು. ಪಿ. ಉಪಾಧ್ಯಾಯರ ಸಂಪಾದಕತ್ವದ ತುಳು ನಿಘಂಟು ಇಂಗ್ಲಿಷಿನೊಡನೆ ಕನ್ನಡ ಅರ್ಥಗಳನ್ನೂ ಕೊಟ್ಟಿತು. ಅದರಿಂದ ತುಳು ಪದವನ್ನು ನೆರೆಯ ಭಾಷೆಯ ಬೆಳಕಿನಲ್ಲಿಯೂ ನೋಡುವಂತಾಯಿತು. ಮುಂದಿನ ಕೆಲಸ, ಒಂದೊಂದು ಅರ್ಥದ ಪಕ್ಕದಲ್ಲಿ ಅದು ಹುಟ್ಟುವ ವಾಕ್ಯವನ್ನು ಇರಿಸುವುದು. ಅಲ್ಲಿಯವರೆಗೆ ಪಾಣೆಮಂಗಳೂರಿನ ಮಗುವಿನ ‘ಎಣಿಸಿದೆ’ಯನ್ನು ಕೆಂಪು ಶಾಯಿಯಿಂದ ತಿದ್ದುವ ಮುನ್ನ, ಆ ಮಾತಿನ ಪ್ರಾಚೀನತೆಯನ್ನು ಎಣಿಸಿ ನೋಡುವುದು ಲೇಸು.