ಆವಿಗೆಯಲ್ಲಿ ಬೆಂದ ಮುಂಗಾರು

ಚಿತ್ರಕ್ಕೆ, ಸಂಗೀತಕ್ಕೆ, ನಾಟಕಕ್ಕೆ ವಿಮರ್ಶೆ ಬರೆಯುತ್ತೇವೆ; ಅತ್ತರಿಗೆ ಬರೆಯುವುದಿಲ್ಲ. ಅದು ಅಂಗಡಿಯ ಸರಕು, ಶೋಕಿಯ ಸಾಮಾನು ಎಂದು ಬದಿಗಿಟ್ಟಿದ್ದೇವೆ. ಉತ್ತರ ಪ್ರದೇಶದ ಕನೌಜಿನಲ್ಲಿ ತಯಾರಾಗುವ ಮಿಟ್ಟಿ ಅತ್ತರನ್ನು ಒಮ್ಮೆ ಮೂಸಿದರೆ ಈ ಉಪೇಕ್ಷೆ ಅನ್ಯಾಯವೆನ್ನಿಸುತ್ತದೆ. ಕಾದ ನೆಲಕ್ಕೆ ಮೊದಲ ಮಳೆ ಬಿದ್ದಾಗ ಏಳುವ ವಾಸನೆಯನ್ನು ಎಣ್ಣೆಯಲ್ಲಿ ಹಿಡಿದಿಡಲು ಹೊರಟ ಕೆಲಸ ಇದು. ನನ್ನ ಎಣಿಕೆಯಲ್ಲಿ ಈ ದೇಶದ ಅತ್ಯಂತ ಧೈರ್ಯದ ಕಲಾಕೃತಿಗಳಲ್ಲೊಂದು. ಹಾಗಾಗಿ ಇದರ ಕೊರತೆಗಳನ್ನೂ ಕಲಾಕೃತಿಯ ಕೊರತೆಗಳಂತೆಯೇ ಹೇಳಬೇಕು.

ಗುಲಾಬಿ, ಮಲ್ಲಿಗೆ, ಕೇದಗೆಯ ಅತ್ತರಿಗೆ ಹೂವಿದೆ. ಮಳೆಗೆ ಏನಿದೆ? ಕನೌಜಿನವರು ಕಂಡುಕೊಂಡ ದಾರಿ ಅದ್ಭುತವಾದದ್ದು. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳದ ಜೇಡಿಮಣ್ಣನ್ನು ತಂದು, ನಾದಿ, ಬಿಲ್ಲೆ ತಟ್ಟಿ, ಆವಿಗೆಯಲ್ಲಿ ಸುಡುತ್ತಾರೆ. ಸುಟ್ಟ ಬಿಲ್ಲೆಗಳನ್ನು ತಾಮ್ರದ ದೊಡ್ಡ ಹಂಡೆಗೆ ತುಂಬಿ, ನೀರು ಹೊಯ್ದು, ಬಾಯಿಗೆ ಹತ್ತಿ ಬೆರೆಸಿದ ಮಣ್ಣಿನ ಮೆತ್ತೆ ಬಳಿದು ಮುಚ್ಚುತ್ತಾರೆ. ಈ ಹಂಡೆಗೆ ಡೇಗ್ ಎಂದು ಹೆಸರು. ಕೆಳಗೆ ಒಲೆ ಉರಿಯುತ್ತದೆ. ಆವಿ ಬಿದಿರಿನ ಕೊಳವೆಯಲ್ಲಿ ಹಾದು, ತಣ್ಣೀರ ತೊಟ್ಟಿಯಲ್ಲಿ ಮುಳುಗಿಸಿಟ್ಟ ಭಪ್ಕಾ ಎಂಬ ಪಾತ್ರೆಗೆ ಇಳಿಯುತ್ತದೆ. ಅಲ್ಲಿ ಮೊದಲೇ ಸುರಿದಿಟ್ಟ ಶ್ರೀಗಂಧದ ಎಣ್ಣೆ ಕಾಯುತ್ತಿರುತ್ತದೆ. ಆವಿ ನೀರಾಗುತ್ತದೆ, ವಾಸನೆ ಎಣ್ಣೆಗೆ ಹತ್ತುತ್ತದೆ. ನೀರನ್ನು ಬಸಿದು, ಅದೇ ಎಣ್ಣೆಗೆ ಮತ್ತೆ ಮತ್ತೆ ಹೊಸ ಮಣ್ಣಿನ ಆವಿ ಕುಡಿಸುತ್ತಾರೆ. ಬೆಂಕಿಯ ಹದವನ್ನು ಕೈಯಿಂದ ಮುಟ್ಟಿ, ಕಿವಿಗೊಟ್ಟು ಕೇಳಿ ತಿಳಿಯುವ ಕುಶಲಿಗಳ ಕೆಲಸ ಇದು.

ಇಲ್ಲಿ ನಡೆಯುತ್ತಿರುವುದನ್ನು ಗಮನಿಸಿ. ಮಳೆಯ ವಾಸನೆಯನ್ನು ಹೋಲುವ ಬೇರೆ ಬೇರೆ ವಸ್ತುಗಳನ್ನು ಇವರು ಕಲೆಹಾಕುತ್ತಿಲ್ಲ. ನೆಲ ಒಣಗುವುದು, ಕಾಯುವುದು, ನೀರು ಸೋಕುವುದು, ಉಸಿರು ಬಿಡುವುದು, ಈ ಇಡೀ ಪ್ರಸಂಗವನ್ನೇ ಹಂಡೆಯೊಳಗೆ ಇನ್ನೊಮ್ಮೆ ನಡೆಸುತ್ತಿದ್ದಾರೆ.

ವಿಜ್ಞಾನ ಈ ವಾಸನೆಯ ಬೆನ್ನು ಹತ್ತಿದ್ದು ತಡವಾಗಿ. ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೆ ಪೆಟ್ರಿಕೋರ್ ಎಂದು ಹೆಸರಿಟ್ಟರು. ಒಣಹವೆಯಲ್ಲಿ ಕಲ್ಲು, ಜೇಡಿ ಹೀರಿಕೊಂಡ ತೈಲಾಂಶಗಳು ತೇವ ತಾಗಿದಾಗ ಹೊರಬೀಳುತ್ತವೆ. ಅದರ ಜೊತೆಗೆ ಮಣ್ಣಿನ ಬ್ಯಾಕ್ಟೀರಿಯಾಗಳು ಹುಟ್ಟಿಸುವ ಜಿಯೋಸ್ಮಿನ್ ಸೇರುತ್ತದೆ. ಬೀಟ್‌ರೂಟಿಗೆ ಮಣ್ಣಿನ ರುಚಿ ಕೊಡುವುದೂ ಅದೇ. ಮಳೆಯಲ್ಲಿ ನಾವು ಹಂಬಲಿಸುವ ಈ ವಾಸನೆ ಕುಡಿಯುವ ನೀರಿನಲ್ಲಿ ಬಂದರೆ ದೂರು ಕೊಡುತ್ತೇವೆ. ಮೂಗು ಎಷ್ಟು ಸಂದರ್ಭವನ್ನು ನೋಡಿ ತೀರ್ಪು ಕೊಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಇಂದು ಜಿಯೋಸ್ಮಿನ್ನನ್ನು ಪ್ರಯೋಗಾಲಯದಲ್ಲಿ ತಯಾರಿಸಿ ‘ಮಳೆ’ಯ ಸೆಂಟುಗಳಿಗೆ ಹಾಕುತ್ತಾರೆ. ಅವುಗಳಲ್ಲಿ ಮಣ್ಣು ಥಟ್ಟನೆ ಗುರುತು ಸಿಗುತ್ತದೆ, ಆದರೆ ಅದರಾಚೆ ಬೆಳೆಯುವುದಿಲ್ಲ. ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತವೆ.

ಮಿಟ್ಟಿ ಅತ್ತರು ಹಾಗಲ್ಲ, ಅದಕ್ಕೆ ನಡಿಗೆಯಿದೆ. ಮಣಿಕಟ್ಟಿಗೆ ಹಚ್ಚಿದ ಕೂಡಲೇ ಬರುವುದು ಹೊಸ ಮಡಕೆಗೆ ಮೊದಲ ಸಲ ನೀರು ತುಂಬಿದಾಗಿನ ವಾಸನೆ: ಒಣ, ಖನಿಜದ, ತುಸು ಸುಟ್ಟ ವಾಸನೆ. ನಿಧಾನವಾಗಿ ತಂಪು ಒಳಬರುತ್ತದೆ. ಆಮೇಲೆ ಶ್ರೀಗಂಧ ಕೆಳಗಿನಿಂದ ಏರಿ ಮಣ್ಣನ್ನು ಎತ್ತಿ ಹಿಡಿಯುತ್ತದೆ.

ಕಲೆಯಲ್ಲಿ ವಾಸನೆಯನ್ನು ಬಳಸಿದ ಹಲವರು ಸೋತದ್ದು ಕಾಲದ ಈ ನಡಿಗೆಯ ವಿಷಯದಲ್ಲೇ. 1960ರಲ್ಲಿ ಮೈಕ್ ಟಾಡ್ ಜೂನಿಯರ್ ನಿರ್ಮಿಸಿದ ‘ಸೆಂಟ್ ಆಫ್ ಮಿಸ್ಟರಿ’ ಸಿನಿಮಾದಲ್ಲಿ ದೃಶ್ಯಕ್ಕೆ ತಕ್ಕ ವಾಸನೆಗಳು ಕೊಳವೆಗಳ ಮೂಲಕ ಪ್ರೇಕ್ಷಕರ ಕುರ್ಚಿಗೆ ಬರುತ್ತಿದ್ದವು. ವಾಸನೆ ಹೊತ್ತಿಗೆ ಸರಿಯಾಗಿ ತಲುಪಲಿಲ್ಲ, ಪ್ರಯೋಗ ಅಲ್ಲಿಗೇ ಮುಗಿಯಿತು. ತಂತ್ರದ ದೋಷ ಇದ್ದದ್ದು ನಿಜ. ಆದರೆ ಆಳದ ತಪ್ಪು ಬೇರೆ: ಚಿತ್ರದ ವೇಗಕ್ಕೆ ಗಂಧ ಓಡಬೇಕೆಂದು ಬಯಸಿದ್ದು. ಕನೌಜಿನ ಕೆಲಸಗಾರರು ಗಂಧದ ವೇಗಕ್ಕೆ ತಾವು ನಿಂತರು.

ಈಗ ಕೊರತೆಗಳು. ಈ ಅತ್ತರಿನ ಮಳೆಯಲ್ಲಿ ಗಿಡಮರ ಇಲ್ಲ. ತೊಯ್ದ ಹುಲ್ಲು, ತರಗೆಲೆ, ಗುಡುಗಿನ ಹೊತ್ತಿನ ಗಾಳಿಯ ಚುರುಕು ಯಾವುದೂ ಇಲ್ಲ. ಜೊತೆಗೆ ಇದು ಗಂಗೆಯ ಬಯಲಿನ ಮೆಕ್ಕಲು ಮಣ್ಣು. ಮಲೆನಾಡಿನ ಜಂಬಿಟ್ಟಿಗೆ ನೆಲದ ಮೇಲೆ, ವಿಜಯಪುರದ ಎರೆಹೊಲದ ಮೇಲೆ ಮಳೆ ಬಿದ್ದಾಗಿನ ವಾಸನೆ ಬಲ್ಲವರಿಗೆ ಇದು ತಮ್ಮೂರಿನ ಮಳೆ ಅನ್ನಿಸದು. ಇದನ್ನು ದೋಷವೆಂದು ನಾನು ಎಣಿಸುವುದಿಲ್ಲ. ಎಲ್ಲಿಯದೂ ಅಲ್ಲದ ಮಳೆಗಿಂತ ಒಂದು ಊರಿನ ಮಳೆ ದೊಡ್ಡದು. ದೋಷ ಇರುವುದು ಕೊನೆಯಲ್ಲಿ. ಕೆಲವು ಗಂಟೆಗಳಾದ ಮೇಲೆ ಮಣ್ಣು ಪೂರ್ತಿ ಹಿಂದೆ ಸರಿದು ಗಂಧವೊಂದೇ ಉಳಿಯುತ್ತದೆ. ಹೊತ್ತು ತಂದವನೇ ಮೆರವಣಿಗೆಯ ದೇವರಾಗಿಬಿಡುತ್ತಾನೆ.

ಆದರೂ ಗಂಧವಿಲ್ಲದೆ ಈ ಕೃತಿ ನಿಲ್ಲುವುದಿಲ್ಲ. ನಮಗೂ ಕನೌಜಿಗೂ ಇರುವ ನಂಟು ಇದೇ. ಮೈಸೂರು ಸೀಮೆಯಲ್ಲಿ ಶ್ರೀಗಂಧ ಟಿಪ್ಪುವಿನ ಕಾಲದಿಂದ ರಾಜವೃಕ್ಷ. ಬೆಳೆದವನ ಹೊಲದಲ್ಲಿದ್ದರೂ ಮರ ಸರ್ಕಾರದ್ದಾಗಿತ್ತು. 2001ರಲ್ಲಿ ಕರ್ನಾಟಕ ಕಾನೂನು ತಿದ್ದಿ ಬೆಳೆಗಾರನಿಗೆ ಒಡೆತನ ಕೊಟ್ಟಿತು. ಅಷ್ಟರಲ್ಲಿ ಕಳ್ಳಸಾಗಣೆ ಕಾಡನ್ನು ಬರಿದು ಮಾಡಿತ್ತು, ಎಣ್ಣೆಯ ಬೆಲೆ ಗಗನಕ್ಕೇರಿತ್ತು. ಕನೌಜಿನಲ್ಲಿ ಅನೇಕರು ಭಪ್ಕಾದಲ್ಲಿ ಗಂಧದೆಣ್ಣೆಯ ಬದಲು ದ್ರವ ಪ್ಯಾರಾಫಿನ್ ಸುರಿಯತೊಡಗಿದರು. ಅದಕ್ಕೆ ತನ್ನದೇ ವಾಸನೆಯಿಲ್ಲ, ಹಾಗಾಗಿ ಮಣ್ಣನ್ನು ಅಡಗಿಸುವುದಿಲ್ಲ ಎಂದು ವಾದಿಸಬಹುದು. ಮೂಗು ಒಪ್ಪುವುದಿಲ್ಲ. ಪ್ಯಾರಾಫಿನ್ನಿನ ಮಿಟ್ಟಿ ಅತ್ತರು ಮೊದಲ ಕ್ಷಣದಲ್ಲಿ ಚೆನ್ನಾಗಿದೆ, ಆಮೇಲೆ ಚಪ್ಪಟೆ; ಚರ್ಮದ ಮೇಲೆ ಎಣ್ಣೆಯ ಜಿಡ್ಡಾಗಿ ಕೂರುತ್ತದೆ, ಮಣ್ಣು ಎಲ್ಲಿಗೂ ಹೋಗುವುದಿಲ್ಲ.

ಇವೆರಡೂ ಒಂದೇ ಹೆಸರಿನಲ್ಲಿ ಮಾರಾಟವಾಗುವುದು ನನಗೆ ಒಪ್ಪಿಗೆಯಿಲ್ಲ. ಅಗ್ಗದ್ದು ಬೇಡವೆಂದಲ್ಲ, ಗಂಧದೆಣ್ಣೆಯದು ಎಲ್ಲರ ಕೈಗೆಟುಕುವ ಬೆಲೆಯದಲ್ಲ. ಆದರೆ ಸೀಸೆಯ ಮೇಲೆ ಯಾವ ಎಣ್ಣೆ ಎಂದು ಸ್ಪಷ್ಟವಾಗಿ ಬರೆದಿರಬೇಕು. ಕೊಳ್ಳುವವರು ಅದನ್ನು ಕೇಳಿ ತಿಳಿದೇ ಕೊಳ್ಳಬೇಕು, ಒಂದು ದಿನವಿಡೀ ಮಣಿಕಟ್ಟಿನ ಮೇಲಿಟ್ಟುಕೊಂಡು ನೋಡಿದ ಮೇಲೆ.