ಏರುವ ಅಳತೆ, ಇಳಿಯುವ ನಾಡು

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಚಾರಣದಾರಿಗಳನ್ನು ಪರಿಚಯಿಸುವ ಬರಹಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಯಾಣ, ಉಂಚಳ್ಳಿ, ಮಾಗೋಡು, ಸಾತೊಡ್ಡಿ, ಬುರುಡೆ, ಬೆಣ್ಣೆಹೊಳೆ, ಶಿವಗಂಗಾ, ಜೇನುಕಲ್ಲುಗುಡ್ಡ ಎಂದು ಹೆಸರುಗಳು ಸಾಲಾಗಿ ಬರುತ್ತವೆ. ಒಂದೊಂದಕ್ಕೂ ಸುಲಭ, ಮಧ್ಯಮ, ಕಠಿಣ ಎಂಬ ಮೂರರಲ್ಲೊಂದು ದರ್ಜೆ ಸಿಗುತ್ತದೆ. ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಇಲ್ಲಿ ದಾರಿಯಿದೆ ಎಂಬ ಮಾತಿನೊಂದಿಗೆ ಬರಹ ಮುಗಿಯುತ್ತದೆ. ಆ ಮಾತು ನಿಜ. ಅದಕ್ಕೆ ಕೊಡುವ ಆಧಾರ ತಪ್ಪು. ಬೆಟ್ಟದ ತುದಿ ಮುಟ್ಟುವ ನಡಿಗೆಗೆ ಹೊಂದುವ ದರ್ಜೆಯನ್ನು ಕಣಿವೆಗೆ ಇಳಿಯುವ ನಾಡಿಗೆ ಹಚ್ಚಿದ್ದರಿಂದ ಯಾಣದ ಕೀರ್ತಿ ಹಿಗ್ಗಿದೆ, ಇಳಿಜಾರಿನ ಅಪಾಯ ಮರೆಯಾಗಿದೆ, ಊರುಗಳನ್ನು ಬೆಸೆಯುವ ಕಾಲುದಾರಿಗಳು ಲೆಕ್ಕಕ್ಕೇ ಬಾರದೆ ಹೋಗಿವೆ.

ಈ ಮೂರೂ ಪೇಟೆಗಳು ಸಮುದ್ರಮಟ್ಟದಿಂದ ಸುಮಾರು 500ರಿಂದ 600 ಮೀಟರ್ ಎತ್ತರದಲ್ಲಿ, ಘಟ್ಟದ ಅಂಚಿಗೆ ಸಮೀಪದಲ್ಲಿವೆ. 1,712 ಮೀಟರಿನ ಕುಮಾರಪರ್ವತದಂಥ ಶಿಖರ ಇಲ್ಲಿಲ್ಲ. ಅಘನಾಶಿನಿ, ಬೇಡ್ತಿ, ಕಾಳಿ ನದಿಗಳೂ ಅವುಗಳ ಹಳ್ಳಗಳೂ ಘಟ್ಟವನ್ನು ಸೀಳಿಕೊಂಡು ಕರಾವಳಿಗೆ ಇಳಿಯುತ್ತವೆ. ಹಾಗಾಗಿ ವಾಹನ ಬಿಟ್ಟು ನಡೆಯಲು ತೊಡಗುವವರು ಬಹುತೇಕ ಕಡೆ ಮೇಲೆ ಇರುತ್ತಾರೆ, ನೋಡಬೇಕಾದ ಅಬ್ಬಿ ಕೆಳಗಿರುತ್ತದೆ.

ಯಾಣ ಆಡಳಿತದ ಲೆಕ್ಕದಲ್ಲಿ ಕುಮಟಾ ತಾಲ್ಲೂಕಿನದು. ಶಿರಸಿಯಿಂದ ಸುಮಾರು 40 ಕಿ.ಮೀ. ದೂರದಲ್ಲಿರುವುದರಿಂದ ಶಿರಸಿಯ ಪಟ್ಟಿಗಳಲ್ಲೂ ಮೊದಲ ಸ್ಥಾನ ಅದಕ್ಕೇ. ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ, ಕಪ್ಪುಗಟ್ಟಿದ ಸುಣ್ಣಕಲ್ಲಿನ ಆ ಚೂಪು ಮೊನೆಗಳು, ಬಂಡೆಯ ಬುಡದ ಗುಹಾದೇಗುಲ, ಇವುಗಳ ಮಹತ್ವದ ಬಗ್ಗೆ ತಕರಾರಿಗೆ ಎಡೆಯಿಲ್ಲ. ‘ನಮ್ಮೂರ ಮಂದಾರ ಹೂವೇ’ ಚಿತ್ರ ಆ ರೂಪವನ್ನು ನಾಡಿನ ಮನೆಮನೆಗೂ ಮುಟ್ಟಿಸಿತು. ಪ್ರಶ್ನೆಯಿರುವುದು ಯಾಣದ ನಡಿಗೆಯ ಬಗ್ಗೆ.

ಆ ನಡಿಗೆಯ ಕೀರ್ತಿಗೆ ಮೂಲ ಒಂದು ಗಾದೆ: ಸೊಕ್ಕಿದ್ದವ ಯಾಣಕ್ಕೆ ಹೋಗುತ್ತಾನೆ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗುತ್ತಾನೆ. ಯಾಣದ ಮೇಲಿನ ಬರಹಗಳಲ್ಲಿ ಈ ಗಾದೆ ಮತ್ತೆಮತ್ತೆ ಬರುತ್ತದೆ, ಆದರೆ ಅದನ್ನು ನಿಧಾನವಾಗಿ ಓದಿದವರು ಕಡಿಮೆ. ಗಾದೆ ಎರಡು ಶಿವಕ್ಷೇತ್ರಗಳನ್ನು ಎದುರುಬದುರು ಇಟ್ಟು, ಒಂದಕ್ಕೆ ಹಣ ಬೇಕು, ಇನ್ನೊಂದಕ್ಕೆ ಮೈಯಲ್ಲಿ ಕಸುವು ಬೇಕು ಎನ್ನುತ್ತದೆ. ಈ ಸೀಮೆಯಲ್ಲಿ ಚಾರಣಕ್ಕೆ ಸಿಕ್ಕ ಹಳೆಯ ದರ್ಜೆ ಎಂದು ಅದನ್ನು ಓದಬಹುದು. ಆ ದರ್ಜೆ ಅಳೆದದ್ದು ಏನನ್ನು? ಬಂಡೆಯ ಎತ್ತರವನ್ನಂತೂ ಅಲ್ಲ. ಶಿವರಾತ್ರಿ ಜಾತ್ರೆಗೆ ಬರುವ ಭಕ್ತರು ಭೈರವೇಶ್ವರ ಶಿಖರವನ್ನು ಏರುವುದಿಲ್ಲ. ಬುಡದಲ್ಲಿ ಪೂಜೆ ಮಾಡಿಸಿ ಸುತ್ತು ಬಂದು ಮರಳುತ್ತಾರೆ. ಗಾದೆಯ ಕಣ್ಣಿದ್ದದ್ದು ಮನೆಯಿಂದ ಹೊರಟು ಮನೆಗೆ ಮರಳುವವರೆಗಿನ ಇಡೀ ಹಾದಿಯ ಮೇಲೆ: ಬುತ್ತಿ ಹೊತ್ತುಕೊಂಡು ಘಟ್ಟದ ಕಾಡು ದಾಟುವುದು, ಹಳ್ಳಗಳನ್ನು ಹಾಯುವುದು, ಕತ್ತಲಾಗುವ ಮುನ್ನ ಊರು ಸೇರುವುದು.

ಈಗ ರಸ್ತೆ ಶಿಖರಗಳ ಸಮೀಪಕ್ಕೇ ಬಂದಿದೆ, ಉಳಿದ ದಾರಿಗೆ ಮೆಟ್ಟಿಲುಗಳಿವೆ. ಗಾದೆ ಅಳೆದ ಹಾದಿಯ ಬಹುಭಾಗ ವಾಹನದಲ್ಲಿ ಕಳೆದುಹೋಗುತ್ತದೆ. ಆದರೂ ಬರಹಗಳು ಗಾದೆಯ ಕಷ್ಟವನ್ನೂ ಬಂಡೆಯ 120 ಮೀಟರನ್ನೂ ಒಟ್ಟಿಗೆ ಹೇಳಿ, ಎರಡರ ಭಾರವನ್ನೂ ಇಂದಿನ ಗಿಡ್ಡ ನಡಿಗೆಯ ಮೇಲೆ ಹೇರುತ್ತವೆ. ಮಂಡಿನೋವಿನವರಿಗೆ ಮೆಟ್ಟಿಲು ಇಂದಿಗೂ ಕಷ್ಟವೇ. ಅದನ್ನು ನೇರವಾಗಿ ಹೇಳಿದರೆ ಅವರಿಗೆ ಉಪಯೋಗ. ನೋಟವಾಗಿ ಯಾಣ ಮೊದಲ ಸಾಲಿನದು. ಚಾರಣವಾಗಿ ಅದು ಈಗ ಸಾಧಾರಣ.

ಯಾಣಕ್ಕೆ ಸಲ್ಲುತ್ತಿರುವ ಎಚ್ಚರಿಕೆ ನಿಜವಾಗಿ ಸಲ್ಲಬೇಕಾದದ್ದು ಕಣಿವೆಗೆ ಇಳಿಯುವ ದಾರಿಗಳಿಗೆ. ಅಘನಾಶಿನಿ 116 ಮೀಟರ್ ಧುಮುಕುವ ಉಂಚಳ್ಳಿ ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯ ಬಳಿ ಇದೆ. ಕಲೆಕ್ಟರ್ ಲಷಿಂಗ್ಟನ್ 1845ರಲ್ಲಿ ಅದನ್ನು ಕಂಡು ದಾಖಲಿಸಿದ್ದರಿಂದ ಅವನ ಹೆಸರೂ ಅದಕ್ಕೆ ಅಂಟಿದೆ. ಊರವರ ಬಾಯಲ್ಲಿ ಅದು ಕೆಪ್ಪ ಜೋಗ. ನೋಡುಕಟ್ಟೆಯವರೆಗಿನ ದಾರಿ ಒಂದು ಬಗೆಯದು, ಅಲ್ಲಿಂದ ತಳಕ್ಕಿಳಿಯುವುದು ಬೇರೆಯೇ ಬಗೆಯದು. ಎರಡಕ್ಕೂ ಒಂದೇ ಹೆಸರು, ಒಂದೇ ದರ್ಜೆ ಕೊಟ್ಟರೆ ಓದುವವರು ದಾರಿ ತಪ್ಪುತ್ತಾರೆ. ಬೆಣ್ಣೆಹೊಳೆಯಲ್ಲೂ ಬುರುಡೆಯಲ್ಲೂ ಕಡಿದಾದ ಇಳಿಜಾರು ಮೊದಲು ಬರುತ್ತದೆ, ಏರು ಕೊನೆಗೆ ಉಳಿಯುತ್ತದೆ.

ಈ ಕ್ರಮ ಏಕೆ ಮುಖ್ಯ ಎಂಬುದು ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಸುಮಾರು 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಏರು ಮೊದಲು ಬಂದರೂ ಕೊನೆಗೆ ಬಂದರೂ ಈ ಸೂತ್ರದಲ್ಲಿ ಉತ್ತರ ಒಂದೇ. ನಡೆಯುವವರಿಗೆ ಒಂದೇ ಅಲ್ಲ. ಶಿಖರದ ದಾರಿಯಲ್ಲಿ ದಣಿದವರು ಅರ್ಧಕ್ಕೇ ತಿರುಗಿ ಇಳಿದುಬಿಡಬಹುದು. ದಣಿವು ಎಚ್ಚರಿಸಿದಾಗ ಪಾರಾಗುವ ದಾರಿ ಇಳಿಜಾರಾಗಿರುತ್ತದೆ. ಕಣಿವೆಯ ದಾರಿಯಲ್ಲಿ ಇಳಿಯುವಷ್ಟು ಹೊತ್ತೂ ಮೈ ಏನನ್ನೂ ಹೇಳುವುದಿಲ್ಲ. ಹೊಳೆಯ ಬಳಿ ಕೂತು ಬುತ್ತಿ ಬಿಚ್ಚುವವರೆಗೆ ಎಲ್ಲವೂ ಸುಲಭ. ದಣಿವು ತಿಳಿಯುವ ಹೊತ್ತಿಗೆ ತಿರುಗಿಹೋಗುವ ಆಯ್ಕೆ ಮುಗಿದಿರುತ್ತದೆ: ಬಿಸಿಲು ನೆತ್ತಿಗೇರಿರುತ್ತದೆ ಅಥವಾ ಹೊತ್ತು ಇಳಿಯುತ್ತಿರುತ್ತದೆ, ಉಳಿದದ್ದು ಏರು ಮಾತ್ರ. ಹೊಸಬರು ಸಿಕ್ಕಿಬೀಳುವುದು ಇಲ್ಲಿಯೇ. ಇಂಥ ದಾರಿಗೆ ‘ಮಧ್ಯಮ’ ಎಂಬ ಒಂದೇ ಪದ ಸಾಲದು.

ಮಾಗೋಡು ಮತ್ತು ಸಾತೊಡ್ಡಿಯನ್ನು ಒಟ್ಟಿಗೆ ಇಟ್ಟು ನೋಡಿದರೆ ಎತ್ತರದ ಅಳತೆ ಎಷ್ಟು ಸೋಲುತ್ತದೆಂದು ತಿಳಿಯುತ್ತದೆ. ಯಲ್ಲಾಪುರದಿಂದ ಸುಮಾರು 17 ಕಿ.ಮೀ. ದೂರದ ಮಾಗೋಡಿನಲ್ಲಿ ಬೇಡ್ತಿ ಎರಡು ಹಂತಗಳಲ್ಲಿ ಸುಮಾರು 200 ಮೀಟರ್ ಕೆಳಗೆ ಬೀಳುತ್ತದೆ. ಅದನ್ನು ದೂರದಿಂದ ನಿಂತು ನೋಡುವುದಷ್ಟೇ, ನಡಿಗೆ ತೀರ ಕಡಿಮೆ. ಜೇನುಕಲ್ಲುಗುಡ್ಡವೂ ಹಾಗೆಯೇ, ಕಣಿವೆಯತ್ತ ತೆರೆದ ಒಂದು ನೋಟದ ತಾಣ. ಸಾತೊಡ್ಡಿ ಸುಮಾರು 15 ಮೀಟರಿನ ಅಬ್ಬಿ. ಹಳ್ಳದ ಪಕ್ಕದ ಕಾಡಿನಲ್ಲಿ ನಡೆದು ನೀರಿನ ಬುಡಕ್ಕೇ ಹೋಗಬಹುದು. ಚಿಕ್ಕ ಮಕ್ಕಳ ಜೊತೆ ನಡೆಯಲು ಬಂದವರಿಗೆ ಸಾತೊಡ್ಡಿಯೇ ಮೇಲು.

ದರ್ಜೆಯ ಎರಡನೆಯ ದೋಷ ಋತುವಿನದು. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಹಾಗಾಗಿ ಉಂಚಳ್ಳಿಯ ನೀರು ಪೂರ್ತಿ ಮಳೆಯ ಮಾತು ಕೇಳುತ್ತದೆ. ಆಷಾಢದಲ್ಲಿ ಕಲ್ಲಿನ ಮೇಲೆ ಹಾವಸೆ, ಕಾಲಿಗೆ ಉಂಬಳ, ಮಂಜಿನಲ್ಲಿ ಅಬ್ಬಿಯೇ ಕಾಣದ ದಿನಗಳೂ ಉಂಟು. ಮಾಘದ ಹೊತ್ತಿಗೆ ಅದೇ ಇಳಿಜಾರಿನಲ್ಲಿ ಒಣ ದರಕು ತುಂಬಿ ಹೆಜ್ಜೆ ಜಾರುತ್ತದೆ. ಒಂದು ದಾರಿಗೆ ವರ್ಷವಿಡೀ ಒಂದೇ ದರ್ಜೆ ಇರಲು ಸಾಧ್ಯವಿಲ್ಲ.

ಇದಕ್ಕಿಂತ ಗಂಭೀರವಾದ ಲೋಪ ಇನ್ನೊಂದಿದೆ. ಚಳಿಗಾಲದಿಂದ ಬೇಸಿಗೆಯವರೆಗಿನ ಕಾಲವನ್ನು ನಡಿಗೆಗೆ ಹೇಳಿ ಮಾಡಿಸಿದ ಕಾಲವೆಂದು ಹೊಗಳುವ ಬರಹಗಳಲ್ಲಿ ಮಂಗನ ಕಾಯಿಲೆಯ ಪ್ರಸ್ತಾಪ ಅಪರೂಪ. 1957ರಲ್ಲಿ ಸಿದ್ದಾಪುರದ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಉಣುಗಿನ ಕಡಿತದಿಂದ ಹರಡುತ್ತದೆ. ಅದು ಹೆಚ್ಚುವುದು ಡಿಸೆಂಬರಿನಿಂದ ಮೇ ತಿಂಗಳ ನಡುವೆ. 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಜೀವಗಳೂ ಹೋದವು. ಮೈತುಂಬ ಬಟ್ಟೆ ತೊಡುವುದು, ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚುವುದು, ದರಕಿನ ಮೇಲೆ ಕೂರದಿರುವುದು, ಮಂಗ ಸತ್ತ ಜಾಗದತ್ತ ಸುಳಿಯದಿರುವುದು, ಮರಳಿದ ಮೇಲೆ ಸ್ನಾನ ಮಾಡಿ ಮೈ ಪರೀಕ್ಷಿಸುವುದು: ಊರವರಿಗೆ ಗೊತ್ತಿರುವ ಈ ಎಚ್ಚರಗಳು ಹೊರಗಿನಿಂದ ಬರುವವರಿಗೆ ದೂರದ ಲೆಕ್ಕಕ್ಕಿಂತ ಮೊದಲು ತಿಳಿಯಬೇಕು.

ಈ ದಾರಿಗಳ ಬಗ್ಗೆ ಬರೆಯುವವರಲ್ಲಿ ಎರಡು ಪಂಗಡಗಳಿವೆ. ಮೆಟ್ಟಿಲು, ಕಂಬಿ ಬಂದ ಕೂಡಲೇ ಚಾರಣ ಸತ್ತಿತು ಎನ್ನುವವರು ಒಂದೆಡೆ. ಪ್ರತಿ ಅಬ್ಬಿಯ ಬುಡಕ್ಕೂ ರಸ್ತೆ ಬೇಕು ಎನ್ನುವವರು ಇನ್ನೊಂದೆಡೆ. ಮೊದಲನೆಯವರ ವಾದಕ್ಕೆ ಕಾಡಿನ ಮೇಲಿನ ಪ್ರೀತಿಯ ಬಲವಿದೆ, ಇತಿಹಾಸದ ಬಲವಿಲ್ಲ. ಮನುಷ್ಯರ ಕೈ ಮುಟ್ಟದ ದಾರಿ ಈ ಸೀಮೆಯಲ್ಲಿ ಯಾವತ್ತೂ ಇರಲಿಲ್ಲ. ಮೆಣಸು, ಅಡಕೆ ಹೊತ್ತ ಹೇರೆತ್ತುಗಳು ಇಳಿದು ಉಪ್ಪು ಹೊತ್ತು ಏರಿದ ಘಟ್ಟದ ದಾರಿಗಳು ದುಡಿಮೆಯಿಂದ ಉಳಿದಂಥವು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಕರಾವಳಿಯಿಂದ ಘಟ್ಟವೇರಿ ಯಲ್ಲಾಪುರ, ಸೋದೆ, ಶಿರಸಿಗಳನ್ನು ಹಾದು ಬನವಾಸಿಗೆ ಹೋದದ್ದೂ ಜನ ಬಳಸುತ್ತಿದ್ದ ಹಾದಿಗಳಲ್ಲೇ. ಮಳೆಗಾಲದ ಮುನ್ನ ಊರವರು ಕೂಡಿ ಹಳ್ಳಕ್ಕೆ ಕಾಲುಸಂಕ ಹಾಕುವಾಗ ಕಾಡು ಕೆಡಲಿಲ್ಲ. ಕಡಿದಾದ ಕಡೆ ನಾಲ್ಕು ಮೆಟ್ಟಿಲು ಬಂದರೂ ಕೆಡುವುದಿಲ್ಲ, ಅರುವತ್ತು ದಾಟಿದವರೊಬ್ಬರು ಉಂಚಳ್ಳಿಯನ್ನು ಕಾಣುತ್ತಾರೆ. ಕಸುವಿದ್ದವರಿಗೆ ಮಾತ್ರ ಕಾಡು ಎನ್ನುವುದು ಕಾಡಿನ ಪರವಾದ ಮಾತಲ್ಲ.

ರಸ್ತೆಯ ಪರ ಇರುವವರ ವಾದಕ್ಕೆ ಯಾಣವೇ ಉತ್ತರ. ರಸ್ತೆ ಜನರನ್ನು ತಂದಿತು, ನಡಿಗೆಯನ್ನು ತೆಗೆದುಕೊಂಡಿತು. ಸಿಂಗಳೀಕಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾದ ಅಘನಾಶಿನಿ ಕಣಿವೆಯಲ್ಲಿ ಪ್ರತಿ ಹೊಸ ರಸ್ತೆಯೂ ಮರದಿಂದ ಮರಕ್ಕೆ ಸಾಗುವ ಆ ಪ್ರಾಣಿಯ ದಾರಿಯನ್ನು ತುಂಡರಿಸುತ್ತದೆ. ಎರಡೂ ಪಂಗಡಗಳು ಜಗಳವಾಡುತ್ತಲೇ ಒಂದು ತಪ್ಪನ್ನು ಹಂಚಿಕೊಂಡಿವೆ: ದಾರಿಯ ಬೆಲೆಯೆಲ್ಲ ಅದರ ಕೊನೆಯಲ್ಲಿರುವ ನೋಟದಲ್ಲಿದೆ ಎಂದು ಇಬ್ಬರೂ ನಂಬಿದ್ದಾರೆ.

ಆ ನಂಬಿಕೆಯಿಂದಲೇ ಕಾಲುದಾರಿಗಳು ಪಟ್ಟಿಗೆ ಬರಲಿಲ್ಲ. ಮನೆಯಂಗಳದಿಂದ ಅಡಕೆ ತೋಟಕ್ಕೆ ಇಳಿದು, ಕಾಲುಸಂಕ ದಾಟಿ, ಸೊಪ್ಪಿನಬೆಟ್ಟ ಹತ್ತಿ, ಬೇಣದ ಅಂಚಿನಲ್ಲಿ ಪಕ್ಕದ ಕೇರಿ ಸೇರುವ ದಾರಿಗಳು ಇಲ್ಲಿ ಲೆಕ್ಕವಿಲ್ಲದಷ್ಟಿವೆ. ತೋಟಿಗರು ಸೊಪ್ಪು, ದರಕು ತರಲು ದಿನವೂ ನಡೆದು ಅವುಗಳನ್ನು ಉಳಿಸಿದ್ದಾರೆ. ಏರಿಳಿತ ಸಣ್ಣದು, ನೀರು ಹತ್ತಿರ, ದಣಿದರೆ ಮನೆಯೊಂದು ಸಿಗುತ್ತದೆ. ಶಾಲ್ಮಲಾ ಹೊಳೆಯ ಸೀಮೆಯಲ್ಲಿ ಇಂಥ ನಡಿಗೆಗೆ ಇತಿಹಾಸವೂ ಜೊತೆಯಾಗುತ್ತದೆ. ಸೋದೆಯ ವಾದಿರಾಜ ಮಠ, ಸ್ವಾದಿ ಜೈನ ಮಠ, ಸ್ವರ್ಣವಲ್ಲೀ ಮಠಗಳು ಒಂದಕ್ಕೊಂದು ಸಮೀಪದಲ್ಲಿವೆ. ಸೋದೆಯನ್ನು ಆಳಿದ ಸದಾಶಿವರಾಯನ ಕಾಲದ್ದೆನ್ನಲಾದ ಸಹಸ್ರಲಿಂಗ ಹೊಳೆಯ ಹಾಸುಗಲ್ಲಿನ ಮೇಲಿದೆ. ಎಲ್ಲ ಬಗೆಯ ನಡೆಯುವವರಿಗೂ ದಾರಿಯಿದೆ ಎಂಬ ಹೊಗಳಿಕೆಗೆ ಅರ್ಹವಾದವು ಇವೇ.

ಆದರೆ ಇವು ಯಾರದ್ದೋ ಬದುಕಿನ ದಾರಿಗಳು. ಬೆಟ್ಟ, ತೋಟ ದಾಟಲು ಮನೆಯವರ ಒಪ್ಪಿಗೆ ಬೇಕು. ದಣಪೆ ತೆಗೆದವರು ಮುಚ್ಚಿ ಹೋಗಬೇಕು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಕಡೆಯ ಹಳ್ಳಿಗರು ಮರಗಳನ್ನು ಅಪ್ಪಿ ಕೊಡಲಿಯನ್ನು ತಡೆದ ನಾಡು ಇದು. ಕಾಡನ್ನು ಉಳಿಸಿಕೊಂಡವರನ್ನು ಕೇಳದೆ ಅವರ ದಾರಿಯನ್ನು ಪಟ್ಟಿಗೆ ಸೇರಿಸುವ ಹಕ್ಕು ಯಾರಿಗೂ ಇಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಕಿಕ್ಕಿರಿದ ಮೇಲೆ ಅರಣ್ಯ ಇಲಾಖೆ ಚಾರಣಗಳಿಗೆ ಆನ್‌ಲೈನ್ ಬುಕಿಂಗ್ ಮತ್ತು ದಿನದ ಮಿತಿಯನ್ನು ತಂದಿತು. ಇಲಾಖೆಯ ಕಾಡಿಗೆ ಅದು ಸರಿ. ಊರ ಕಾಲುದಾರಿಗಳಿಗೆ ಮಿತಿ ಹಾಕಬೇಕಾದವರು ಊರವರು.

ಹಾಗಾಗಿ ಈ ಸೀಮೆಯ ದಾರಿಗಳನ್ನು ಪರಿಚಯಿಸುವವರು ಪ್ರತಿ ದಾರಿಗೂ ಐದು ಸಂಗತಿ ಹೇಳಬೇಕು: ಏರು ಮೊದಲೋ ಕೊನೆಗೋ, ಅದು ಎಷ್ಟು, ಮಳೆಗಾಲದಲ್ಲೂ ಬೇಸಿಗೆಯಲ್ಲೂ ದಾರಿಯ ಸ್ಥಿತಿ ಏನು, ಎಲ್ಲಿಯವರೆಗೆ ಹೋಗಿ ನಿಶ್ಚಿಂತೆಯಿಂದ ತಿರುಗಬಹುದು, ಯಾರ ಒಪ್ಪಿಗೆ ಬೇಕು. ಇಷ್ಟು ಹೇಳಿದರೆ ತಮಗೆ ಯಾವ ದಾರಿ ಸುಲಭ, ಯಾವುದು ಕಠಿಣ ಎಂಬುದನ್ನು ನಡೆಯುವವರೇ ತೀರ್ಮಾನಿಸಬಲ್ಲರು.